ಬ್ಲೇಡಿನ ಲೆಕ್ಕ: ಗಡ್ಡದ ಖರ್ಚು ಎಲ್ಲಿ ಸೋರುತ್ತದೆ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಶೇವಿಂಗ್ ಕ್ರೀಮು ಮತ್ತು ಆಫ್ಟರ್‌ಶೇವ್ ಲೋಷನ್ನಿನ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು. ರೇಜರು, ಬ್ಲೇಡುಗಳು ಆ ಇಳಿಕೆಯ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಕ್ರೀಮಿನ ಟ್ಯೂಬು ಸ್ವಲ್ಪ ಅಗ್ಗವಾಯಿತು, ಅದರ ಪಕ್ಕದಲ್ಲೇ ತೂಗುಹಾಕಿದ್ದ ಬ್ಲೇಡಿನ ಪೊಟ್ಟಣಕ್ಕೆ ಏನೂ ಆಗಲಿಲ್ಲ.

ಗಡ್ಡ ಬೋಳಿಸಿಕೊಳ್ಳುವವರಿಗೆ ಇದರಿಂದ ಎಷ್ಟು ಉಳಿಯಿತು? 80 ರೂಪಾಯಿಯ ಟ್ಯೂಬಾದರೆ ಸುಮಾರು 9 ರೂಪಾಯಿ. ಆ ಟ್ಯೂಬು ಒಮ್ಮೆ ತಂದರೆ ತಿಂಗಳುಗಟ್ಟಲೆ ಬರುತ್ತದೆ. ಅಂದರೆ ವರ್ಷಕ್ಕೆ ಒಂದೆರಡು ಕಾಫಿಯ ದುಡ್ಡು. ಗಡ್ಡದ ಖರ್ಚಿನಲ್ಲಿ ದೊಡ್ಡ ಪಾಲು ಕ್ರೀಮಿನದ್ದಲ್ಲ, ಬ್ಲೇಡಿನದ್ದು. ನಾಲ್ಕು ರೂಪಾಯಿಗೆ ಸಿಗುವ ಬ್ಲೇಡೂ ಗಡ್ಡ ತೆಗೆಯುತ್ತದೆ, ನೂರೈವತ್ತು ರೂಪಾಯಿಯದ್ದೂ ತೆಗೆಯುತ್ತದೆ. ಎರಡರಲ್ಲೂ ಇರುವುದು ಉಕ್ಕೇ. ಮತ್ತೆ ಇಷ್ಟು ಅಂತರ ಯಾಕೆ?

ಯಾವುದಕ್ಕೆ ಏನೆನ್ನುತ್ತಾರೆ

ಮನೆಯಲ್ಲಿ ಬಳಸುವ ರೇಜರುಗಳು ಮುಖ್ಯವಾಗಿ ಮೂರು ಬಗೆ.

ಅಪ್ಪ, ಅಜ್ಜಂದಿರ ಕಾಲದಿಂದ ಬಂದಿರುವುದು ಸೇಫ್ಟಿ ರೇಜರು. ಲೋಹದ ಹಿಡಿ, ಮೇಲೊಂದು ಮುಚ್ಚಳ, ನಡುವೆ ಕಾಗದದಷ್ಟು ತೆಳ್ಳಗಿನ ಬ್ಲೇಡು. ಎರಡೂ ಬದಿಗೆ ಅಲಗು ಇರುವುದರಿಂದ ಅದನ್ನು ಡಬಲ್ ಎಡ್ಜ್ ಬ್ಲೇಡು ಎನ್ನುತ್ತಾರೆ. ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್ ಎಂದರೆ ನೆನಪಾಗುತ್ತದಲ್ಲ, ಅದೇ. ಸಲೂನಿನಲ್ಲಿ ಕ್ಷೌರಿಕರು ಮಧ್ಯಕ್ಕೆ ಮುರಿದು ಅರ್ಧವನ್ನು ತಮ್ಮ ಕತ್ತಿಗೆ ಸಿಕ್ಕಿಸಿಕೊಳ್ಳುವುದೂ ಇದನ್ನೇ.

ಎರಡನೆಯದು ಕಾರ್ಟ್ರಿಜ್ ರೇಜರು. ಹಿಡಿ ಹಾಗೇ ಉಳಿಯುತ್ತದೆ, ತುದಿಯ ಪ್ಲಾಸ್ಟಿಕ್ ತಲೆಯನ್ನು ಮಾತ್ರ ಬದಲಿಸಬೇಕು. ಆ ತಲೆಯೊಳಗೆ ಎರಡು, ಮೂರು, ಐದು ಬ್ಲೇಡುಗಳು ಒಂದರ ಹಿಂದೆ ಒಂದು ಕೂತಿರುತ್ತವೆ. ಮೂರನೆಯದು ಹಿಡಿ ಸಮೇತ ಬಿಸಾಡುವ ಯೂಸ್ ಅಂಡ್ ಥ್ರೋ.

ಬ್ಲೇಡು ಯಾರು ಮಾರಬಹುದು ಎಂಬ ಪ್ರಶ್ನೆ

ಮನೆಯ ಬಲ್ಬ್ ಹೋಲ್ಡರನ್ನೊಮ್ಮೆ ನೋಡಿ. ಅದಕ್ಕೆ ಯಾವ ಕಂಪನಿಯ ಬಲ್ಬಾದರೂ ಕೂರುತ್ತದೆ. ಒಂದು ಕಂಪನಿ ದರ ಏರಿಸಿದರೆ ಪಕ್ಕದ್ದನ್ನು ತರುತ್ತೀರಿ, ಹೋಲ್ಡರನ್ನು ಕಿತ್ತು ಹಾಕಬೇಕಾಗಿಲ್ಲ. ಡಬಲ್ ಎಡ್ಜ್ ಬ್ಲೇಡಿನ ಅಗ್ಗದ ಗುಟ್ಟು ಇಷ್ಟೇ. ಯಾವ ದೇಶದ ಯಾವ ಕಂಪನಿಯ ಬ್ಲೇಡಾದರೂ ಯಾವ ಸೇಫ್ಟಿ ರೇಜರಿಗಾದರೂ ಹೊಂದುತ್ತದೆ. ಕಾರ್ಟ್ರಿಜ್ ಹಾಗಲ್ಲ. ಒಂದು ಕಂಪನಿಯ ಹಿಡಿಗೆ ಆ ಕಂಪನಿಯ ತಲೆಯೇ ಬೇಕು, ಎಷ್ಟೋ ಸಲ ಅದೇ ಕಂಪನಿಯ ಹಳೆಯ ಮಾದರಿಯದ್ದೂ ಕೂರುವುದಿಲ್ಲ. ಹಿಡಿ ಕೊಂಡ ದಿನವೇ ಮುಂದಿನ ಬ್ಲೇಡುಗಳನ್ನು ಯಾರ ಹತ್ತಿರ ಕೊಳ್ಳಬೇಕೆಂಬುದೂ ನಿರ್ಧಾರವಾಗಿಬಿಡುತ್ತದೆ.

ಡಬಲ್ ಎಡ್ಜ್ ಹುಟ್ಟಿದಾಗ ಅದೂ ಹೀಗೆ ಬೀಗ ಹಾಕಿಕೊಂಡೇ ಹುಟ್ಟಿತ್ತು. ಅಮೆರಿಕದ ಸೇಲ್ಸ್‌ಮನ್ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಬಳಸಿ ಬಿಸಾಡುವ ಬ್ಲೇಡಿನ ಯೋಚನೆ ಹೊಳೆದದ್ದು 1895ರ ಸುಮಾರಿಗೆ. ಅಷ್ಟು ತೆಳ್ಳಗಿನ ಉಕ್ಕಿನ ಹಾಳೆಗೆ ಅಲಗು ಕೂರಿಸುವ ಯಂತ್ರವನ್ನು ಮಾಡಿಕೊಟ್ಟವರು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. ಮಾರಾಟದ ಮೊದಲ ವರ್ಷ, 1903ರಲ್ಲಿ, ಹೋದದ್ದು 51 ರೇಜರು ಮತ್ತು 168 ಬ್ಲೇಡು ಮಾತ್ರ. ಮರುವರ್ಷ ಪೇಟೆಂಟ್ ಸಿಕ್ಕಿತು, ರೇಜರಿನ ಮಾರಾಟ 90 ಸಾವಿರ ಮುಟ್ಟಿತು.

ವ್ಯಾಪಾರದ ಪಾಠ ಹೇಳುವವರೆಲ್ಲ ಇಲ್ಲೊಂದು ಕಥೆ ಹೇಳುತ್ತಾರೆ: ಜಿಲೆಟ್ ರೇಜರನ್ನು ಪುಕ್ಕಟೆ ಹಂಚಿದ, ಬ್ಲೇಡಿನಲ್ಲಿ ದುಡ್ಡು ಮಾಡಿದ. ಕೇಳಲು ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ರ‍್ಯಾಂಡಲ್ ಪಿಕರ್ ಹಳೆಯ ದಾಖಲೆಗಳನ್ನು ಕೆದಕಿ ತೋರಿಸಿದಂತೆ, ಪೇಟೆಂಟ್ ಇದ್ದಷ್ಟು ಕಾಲ ಜಿಲೆಟ್ ರೇಜರಿನ ಬೆಲೆ 5 ಡಾಲರ್. ಅಂದಿನ ದುಡಿಯುವವನಿಗೆ ಅದು ಸಣ್ಣ ಮೊತ್ತವಲ್ಲ. 1921ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಯಾರು ಬೇಕಾದರೂ ಅದೇ ಆಕಾರದ ಬ್ಲೇಡು ಮಾಡಬಹುದು ಎಂದಾದ ಮೇಲೆ ಕಂಪನಿ ತನ್ನ ಹಳೆಯ ಮಾದರಿಯ ರೇಜರನ್ನು 1 ಡಾಲರಿಗೆ ಇಳಿಸಿತು. ಬೀಗ ಕಳಚಿದ್ದು ಆಗಲೇ, ಆಮೇಲೆ ಬ್ಲೇಡಿಗೆ ಪೈಪೋಟಿ ನಿಂತಿಲ್ಲ.

ಪೈಪೋಟಿ ಇರುವ ಕಡೆ ಲಾಭ ತೆಳ್ಳಗಾಗುತ್ತದೆ. 1962ರ ಹೊತ್ತಿಗೆ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯ ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡು ಬಂದಾಗ ಜನ ಅದಕ್ಕೆ ಮುಗಿಬಿದ್ದರು. ಹಳೆಯ ಕಾರ್ಬನ್ ಸ್ಟೀಲಿನ ಬ್ಲೇಡು ಬೇಗ ತುಕ್ಕು ಹಿಡಿಯುತ್ತಿತ್ತು, ಇದು ಹೆಚ್ಚು ದಿನ ಬಾಳುತ್ತಿತ್ತು. ಹೊಸ ಹಿಡಿಯನ್ನೇನೂ ಕೊಳ್ಳದೆ, ಕೈಲಿದ್ದ ಜಿಲೆಟ್ ರೇಜರಿಗೇ ಅದನ್ನು ಹಾಕಿಕೊಳ್ಳಬಹುದಿತ್ತು. 1971ರಲ್ಲಿ ಜಿಲೆಟ್ 'ಟ್ರ್ಯಾಕ್ ಟು' ಎಂಬ ಜೋಡಿ ಬ್ಲೇಡಿನ ಕಾರ್ಟ್ರಿಜ್ ತಂದಿತು: ಹೊಸ ಆಕಾರ, ಹೊಸ ಪೇಟೆಂಟ್, ಹೊಸ ಬೀಗ. 1998ರಲ್ಲಿ ಮ್ಯಾಕ್ ತ್ರೀಯಲ್ಲಿ ಮೂರು ಬ್ಲೇಡು, 2006ರಲ್ಲಿ ಫ್ಯೂಷನ್ನಿನಲ್ಲಿ ಐದು. ಹಳೆಯ ಪೇಟೆಂಟಿನ ಆಯುಷ್ಯ ಮುಗಿಯುವ ಮೊದಲೇ ಹೊಸ ಮಾದರಿ ತಯಾರಾಗಿ ನಿಂತಿರುತ್ತದೆ.

ಬ್ಲೇಡುಗಳ ಸಂಖ್ಯೆ ಏರಿದ್ದಕ್ಕೆ ಕಂಪನಿಗಳು ಕೊಡುವ ಕಾರಣ ಸುಳ್ಳೇನಲ್ಲ. ಮೊದಲ ಬ್ಲೇಡು ಕೂದಲನ್ನು ಹಿಡಿದು ಸ್ವಲ್ಪ ಮೇಲಕ್ಕೆಳೆಯುತ್ತದೆ, ಅದು ವಾಪಸ್ ಒಳಗೆ ಸರಿಯುವ ಮೊದಲೇ ಹಿಂದಿನ ಬ್ಲೇಡು ಇನ್ನಷ್ಟು ಬುಡದಲ್ಲಿ ಕತ್ತರಿಸುತ್ತದೆ. ಕೆನ್ನೆ ನುಣುಪಾಗುವುದು ನಿಜ. ಆದರೆ ಗುಂಗುರು ಗಡ್ಡದವರಿಗೆ ಇದೇ ತೊಂದರೆ ತರಬಹುದು: ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾದ ಕೂದಲು ಒಳಗೇ ಬಾಗಿ ಬೆಳೆದು ಕೆಂಪು ಗುಳ್ಳೆಗಳೇಳುತ್ತವೆ. ಅಂಥವರಿಗೆ ಒಂಟಿ ಬ್ಲೇಡೇ ವಾಸಿ ಎಂದು ಚರ್ಮದ ವೈದ್ಯರು ಹೇಳುವುದುಂಟು.

ಚೊಂಬಿನ ನೀರು ಕಲಿಸಿದ್ದು

ಅಗ್ಗದ ಕಾರ್ಟ್ರಿಜ್ ಆಗುವುದೇ ಇಲ್ಲ ಎಂದೇನಿಲ್ಲ. 2000ದ ದಶಕದ ಆರಂಭದಲ್ಲಿ ಜಿಲೆಟ್ ಕಂಪನಿ ಭಾರತಕ್ಕೆಂದು 'ವೆಕ್ಟರ್' ಎಂಬ ರೇಜರು ಮಾಡಿತು. ಕೂದಲು ಸಿಕ್ಕಿಕೊಂಡರೆ ತಳ್ಳಿ ತೆಗೆಯಲು ಅದರಲ್ಲೊಂದು ಪ್ಲಾಸ್ಟಿಕ್ ಪಟ್ಟಿಯನ್ನೂ ಇಟ್ಟಿತು. ಪರೀಕ್ಷೆ ಮಾಡಿದ್ದು ಮಾತ್ರ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ಹುಡುಗರ ಮೇಲೆ. ಅವರೆಲ್ಲ ಚೆನ್ನಾಗಿದೆ ಎಂದರು. ಇಲ್ಲಿ ಮಾರುಕಟ್ಟೆಗೆ ಬಂದಾಗ ರೇಜರು ಕಟ್ಟಿಕೊಳ್ಳತೊಡಗಿತು. ಆ ಹುಡುಗರಿಗೆ ಕೊಳಾಯಿಯಲ್ಲಿ ಸುರಿಯುವ ನೀರಿತ್ತು; ಇಲ್ಲಿ ಕೋಟ್ಯಂತರ ಜನ ಗಡ್ಡ ತೆಗೆಯುತ್ತಿದ್ದುದು ನೆಲದ ಮೇಲೆ ಕೂತು, ಕೈಗನ್ನಡಿ ಹಿಡಿದು, ಒಂದು ಲೋಟ ಅಥವಾ ಚೊಂಬು ನೀರಿನಲ್ಲಿ.

ಆಮೇಲೆ ಕಂಪನಿಯವರು ಇಲ್ಲಿಗೇ ಬಂದು ಮನೆಗಳಲ್ಲಿ ಕೂತು ನೋಡಿದರು. 2010ರಲ್ಲಿ ಬಂದ 'ಗಾರ್ಡ್' ಆ ನೋಟದ ಫಲ. ಒಂದೇ ಬ್ಲೇಡು, ಸ್ವಲ್ಪ ನೀರಿಗೂ ತೊಳೆದುಹೋಗುವ ತಲೆ, ಕಡಿಮೆ ಬಿಡಿಭಾಗ. ಬಿಡುಗಡೆಯಾದಾಗ ರೇಜರಿಗೆ 15 ರೂಪಾಯಿ, ಬದಲಿ ಬ್ಲೇಡಿಗೆ 5 ರೂಪಾಯಿ. ಬೀಗ ಇಲ್ಲೂ ಇತ್ತು, ಆದರೆ ಎದುರಿಗೆ ಡಬಲ್ ಎಡ್ಜ್ ಬ್ಲೇಡಿನ ಪೈಪೋಟಿ ಇದ್ದುದರಿಂದ ಬೆಲೆಯನ್ನು ಅಷ್ಟಕ್ಕೇ ಇಡಬೇಕಾಯಿತು.

ಪೊಟ್ಟಣದ ಬೆಲೆ ಬಿಡಿ, ಒಂದು ಸಲದ ಬೆಲೆ ನೋಡಿ

ಬ್ಲೇಡು ಅಗ್ಗವೋ ದುಬಾರಿಯೋ ಎಂದು ತಿಳಿಯಲು ಒಂದು ಭಾಗಾಕಾರ ಸಾಕು: ಒಂದು ಬ್ಲೇಡಿನ ಬೆಲೆಯನ್ನು ಅದರಿಂದ ಎಷ್ಟು ಸಲ ಗಡ್ಡ ತೆಗೆಯುತ್ತೀರೋ ಅಷ್ಟರಿಂದ ಭಾಗಿಸಿ. ಈಗ ಪೊಟ್ಟಣಗಳ ಮೇಲೆ ಎಂಆರ್‌ಪಿ ಜೊತೆಗೆ ಬಿಡಿ ಬೆಲೆಯನ್ನೂ, ಅಂದರೆ ಒಂದು ಬ್ಲೇಡಿಗೆ ಎಷ್ಟು ಎಂಬುದನ್ನೂ ಮುದ್ರಿಸಿರುತ್ತಾರೆ. 'ಯುಎಸ್‌ಪಿ' ಎಂದು ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ ನೋಡಬೇಕು.

ವಾರಕ್ಕೆ ನಾಲ್ಕು ಸಲ ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ 200 ಸಲ. ಕೆಳಗಿನ ದರಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮೂರಿನ ಅಂಗಡಿಯ ದರ ಹಾಕಿ ನೀವೇ ತಾಳೆ ನೋಡಿ.

ಡಬಲ್ ಎಡ್ಜ್: ಬ್ಲೇಡಿಗೆ 4 ರೂಪಾಯಿ, ಐದು ಸಲ ಬಳಕೆ. ವರ್ಷಕ್ಕೆ 40 ಬ್ಲೇಡು, 160 ರೂಪಾಯಿ.
ಒಂಟಿ ಬ್ಲೇಡಿನ ಕಾರ್ಟ್ರಿಜ್: 10 ರೂಪಾಯಿ, ಐದು ಸಲ. ವರ್ಷಕ್ಕೆ 400 ರೂಪಾಯಿ.
ಯೂಸ್ ಅಂಡ್ ಥ್ರೋ: 20 ರೂಪಾಯಿ, ನಾಲ್ಕು ಸಲ. ವರ್ಷಕ್ಕೆ 1,000 ರೂಪಾಯಿ.
ಮೂರು ಬ್ಲೇಡಿನ ಕಾರ್ಟ್ರಿಜ್: 150 ರೂಪಾಯಿ, ಹನ್ನೆರಡು ಸಲ. ವರ್ಷಕ್ಕೆ 17 ಕಾರ್ಟ್ರಿಜ್, 2,550 ರೂಪಾಯಿ.

ಒಳ್ಳೆಯ ಲೋಹದ ಸೇಫ್ಟಿ ರೇಜರಿಗೆ 500 ರೂಪಾಯಿ ಕೊಟ್ಟರೂ, ಮೂರು ಬ್ಲೇಡಿನಿಂದ ಬದಲಾದವರಿಗೆ ಮೂರು ತಿಂಗಳೊಳಗೆ ಆ ಹಣ ವಾಪಸ್ ಬಂದಿರುತ್ತದೆ. ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ, ಅಪ್ಪ ಬಳಸಿದ್ದನ್ನು ಮಗ ಬಳಸುತ್ತಿರುವ ಮನೆಗಳಿವೆ. ಇನ್ನೊಂದು ವಿಷಯ: ಕಾರ್ಟ್ರಿಜ್ ಬಿಡಲು ಇಷ್ಟವಿಲ್ಲದವರು ಅದೇ ಕಾರ್ಟ್ರಿಜ್ಜನ್ನು ಹನ್ನೆರಡರ ಬದಲು ಇಪ್ಪತ್ತು ಸಲ ಬಾಳಿಸಿದರೆ ವರ್ಷದ ಖರ್ಚು 1,500ಕ್ಕೆ ಇಳಿಯುತ್ತದೆ. ಹಾಗೆ ಬಾಳಿಸಬೇಕಾದರೆ ಬ್ಲೇಡು ಸಾಯುವುದು ಹೇಗೆಂದು ಗೊತ್ತಿರಬೇಕು.

ಕೂದಲಿಗೆ ಉಕ್ಕು ಸೋಲುವುದು ಹೇಗೆ

ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಒಂದೆರಡು ವಾರದಲ್ಲಿ ಮೊಂಡಾಗಿ ಎಳೆಯಲು ಶುರುಮಾಡುತ್ತದೆ. ಅಲಗು ನಿಧಾನಕ್ಕೆ ಸವೆದು ದುಂಡಗಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. 2020ರ ಆಗಸ್ಟ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ತೋರಿಸಿತು. ಮಾಡಿದವರು ಅದೇ ಎಂಐಟಿಯ ಲೋಹವಿಜ್ಞಾನಿಗಳು, ಜೆಮ್ ತಾಸಾನ್ ಮತ್ತು ಜಾನ್‌ಲೂಕಾ ರೊಶ್ಯೋಲಿ ಅವರ ತಂಡ. ರೊಶ್ಯೋಲಿ ತಮ್ಮ ಗಡ್ಡವನ್ನೇ ತೆಗೆದುಕೊಂಡು, ಪ್ರತಿ ಸಲವೂ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅಲಗು ದುಂಡಗಾಗಿದ್ದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಸಣ್ಣ ಚಕ್ಕೆ ಎದ್ದಿತ್ತು.

ಆಮೇಲೆ ಸೂಕ್ಷ್ಮದರ್ಶಕದೊಳಗೇ ಒಂದೊಂದು ಕೂದಲನ್ನು ಕತ್ತರಿಸುವ ಪುಟ್ಟ ಸಾಧನ ಮಾಡಿ ನೋಡಿದಾಗ ಕಾರಣ ತಿಳಿಯಿತು. ಕೂದಲು ನೆಟ್ಟಗೆ ನಿಂತು ಬ್ಲೇಡು ನೇರವಾಗಿ ಹಾದರೆ ಚಕ್ಕೆ ಏಳುವುದಿಲ್ಲ. ಕೂದಲು ಓರೆಯಾಗಿ ಬಾಗಿ ಅಲಗನ್ನು ಪಕ್ಕಕ್ಕೆ ಒತ್ತಿದಾಗ, ಒತ್ತಡವೆಲ್ಲ ಕೂದಲಿನ ಅಂಚು ತಾಗುವ ಒಂದೇ ಚುಕ್ಕೆಯಲ್ಲಿ ಸೇರುತ್ತದೆ. ಉಕ್ಕು ಬರಿಗಣ್ಣಿಗೆ ಒಂದೇ ಸಮನಾಗಿ ಕಂಡರೂ ಒಳಗೆ ಕೆಲವು ಕಡೆ ಗಟ್ಟಿ, ಕೆಲವು ಕಡೆ ಮೆದು. ಆ ಎರಡೂ ಸೇರುವ ಗಡಿಯಲ್ಲೇ ಒತ್ತಡ ಬಿದ್ದರೆ ಅಲ್ಲಿಂದ ಒಂದು ಚೂರು ಹಾರುತ್ತದೆ.

ಆ ತಂಡದ ಗುರಿ ಇನ್ನೂ ಒಳ್ಳೆಯ ಉಕ್ಕು ಮಾಡುವುದಾಗಿತ್ತು, ಗಡ್ಡದ ಸಲಹೆ ಕೊಡುವುದಲ್ಲ. ಆದರೂ ನಮಗೆ ಇದರಿಂದ ಒಂದೆರಡು ವಿಷಯ ಸ್ಪಷ್ಟವಾಗುತ್ತವೆ. ಜೀನ್ಸ್ ಪ್ಯಾಂಟಿನ ಮೇಲೆ ಉಜ್ಜಿದರೆ ಬ್ಲೇಡು ಮತ್ತೆ ಹರಿತವಾಗುತ್ತದೆ ಎಂದು ಹೇಳುವವರಿದ್ದಾರೆ. ಉಜ್ಜಿದಾಗ ನೀರು, ಕೊಳೆ ಹೋಗಬಹುದು, ಆದರೆ ಕಿತ್ತುಹೋದ ಚೂರು ಬಟ್ಟೆಯಿಂದ ವಾಪಸ್ ಬರಲಾರದು. ಹಾಗೆಯೇ, ಮೊಂಡಾದ ಬ್ಲೇಡನ್ನು ಒತ್ತಿ ಒತ್ತಿ ಎಳೆದು ಉಳಿಸುವ ಎರಡು ರೂಪಾಯಿ ಚರ್ಮದ ಉರಿಯಾಗಿ ಹೊರಬರುತ್ತದೆ. ಬ್ಲೇಡು ಎಳೆಯಿತು ಎಂದರೆ ಅದರ ಆಯುಷ್ಯ ಮುಗಿಯಿತು ಎಂದೇ ಲೆಕ್ಕ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಕೊಡುವ ಅಂದಾಜು ಐದರಿಂದ ಏಳು ಸಲ; ಮೇಲಿನ ಹನ್ನೆರಡು, ಇಪ್ಪತ್ತು ಸಲ ಎಂಬುದು ಬರೀ ಲೆಕ್ಕಕ್ಕೆ ಹಿಡಿದದ್ದು.

ದುಡ್ಡು ಕೇಳದ ಉಪಾಯ

ಒಣ ಕೂದಲು ಗಡುಸು. ನೀರು ಹೀರಿಕೊಂಡರೆ ಉಬ್ಬಿ ಮೆದುವಾಗುತ್ತದೆ, ಕತ್ತರಿಸಲು ಬೇಕಾದ ಬಲ ಬಹಳ ಕಡಿಮೆಯಾಗುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಬೇಕು. ನಾವು ಮಾಡುವುದೇನು? ಮುಖಕ್ಕೆ ನೀರು ಚಿಮುಕಿಸಿ, ಕ್ರೀಮು ಬಳಿದು, ಮರುಗಳಿಗೆಗೇ ರೇಜರು ಎಳೆಯುತ್ತೇವೆ. ಮೊದಲು ಗಡ್ಡ, ಆಮೇಲೆ ಸ್ನಾನ ಎಂಬ ರೂಢಿಯನ್ನು ತಿರುಗಿಸಿ, ಸ್ನಾನ ಮುಗಿಸಿ ಗಡ್ಡಕ್ಕೆ ಕೂತರೆ ಬ್ಲೇಡಿನ ಕೆಲಸ ಅರ್ಧ ಹಗುರ. ಶಾಸ್ತ್ರ ನೋಡುವ ಮನೆಗಳಲ್ಲಿ ಕ್ಷೌರವಾದ ಮೇಲೆ ಮತ್ತೆ ಮೀಯಬೇಕೆನ್ನುತ್ತಾರೆ. ಅಂಥವರು ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಮುಖಕ್ಕೆ ಎರಡು ನಿಮಿಷ ಒತ್ತಿಟ್ಟುಕೊಂಡರೂ ಸಾಕು.

ವಾರದ ಗಡ್ಡ ಬೆಳೆದಿದ್ದರೆ ಮೊದಲು ಟ್ರಿಮ್ಮರ್ ಅಥವಾ ಕತ್ತರಿಯಿಂದ ಗಿಡ್ಡ ಮಾಡಿಕೊಳ್ಳಿ. ಕೂದಲು ಬೆಳೆದಿರುವ ದಿಕ್ಕಿನಲ್ಲೇ ಎಳೆಯಿರಿ. ಮುಗಿದ ಮೇಲೆ ರೇಜರನ್ನು ತೊಳೆದು, ನೀರು ಒದರಿ, ಒಣಗುವ ಜಾಗದಲ್ಲಿಡಿ. ಅಲಗನ್ನು ಬಟ್ಟೆಯಿಂದ ಒರೆಸಲು ಹೋಗಬೇಡಿ, ಬಟ್ಟೆಯೂ ಹರಿಯುತ್ತದೆ, ಬೆರಳೂ.

ನೊರೆಯ ವಿಷಯಕ್ಕೆ ಬಂದರೆ, ಡಬ್ಬಿ ಒತ್ತಿ ತೆಗೆಯುವ ಫೋಮಿನಲ್ಲಿ ನೀವು ನೊರೆಯ ಜೊತೆಗೆ ಡಬ್ಬಿಗೂ ಒಳಗಿನ ಅನಿಲಕ್ಕೂ ದುಡ್ಡು ಕೊಡುತ್ತೀರಿ. ಟ್ಯೂಬಿನ ಕ್ರೀಮು ಅಥವಾ ಶೇವಿಂಗ್ ಸೋಪಾದರೆ ಬಾದಾಮಿಯಷ್ಟು ತೆಗೆದುಕೊಂಡು ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಇಡೀ ಮುಖಕ್ಕಾಗಿ ಮಿಗುತ್ತದೆ. ಮೈಸೋಪು ಹಚ್ಚಿದರಾಗದೇ ಎಂದು ಕೇಳುವವರಿಗೆ: ಆಗುತ್ತದೆ, ಆದರೆ ಅದರ ನೊರೆ ಬೇಗ ಆರಿಹೋಗುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ, ಗ್ಲಿಸರಿನ್ ಇರುವುದರಿಂದ ನೊರೆ ದಪ್ಪಗೆ ನಿಂತು ನೀರನ್ನು ಹಿಡಿದಿಡುತ್ತದೆ, ರೇಜರು ಜಾರುತ್ತದೆ.

ಆಫ್ಟರ್‌ಶೇವ್ ಬೇಕೇಬೇಕು ಎಂದಿಲ್ಲ. ಸಣ್ಣ ಗಾಯದ ರಕ್ತ ನಿಲ್ಲಿಸಲು ಕ್ಷೌರದಂಗಡಿಯಲ್ಲಿ ಉಜ್ಜುವ ಪಟಿಕದ ಕಲ್ಲು, ಆಲಂ ಎನ್ನುತ್ತಾರಲ್ಲ, ಅದೊಂದು ತುಂಡು ಮನೆಯಲ್ಲಿದ್ದರೆ ವರ್ಷಗಟ್ಟಲೆ ಸಾಕು. ಅದನ್ನೂ ಬ್ಲೇಡನ್ನೂ ಒಬ್ಬರದ್ದು ಇನ್ನೊಬ್ಬರು ಬಳಸಬಾರದು. ಹೆಪಟೈಟಿಸ್ ಬಿ, ಸಿಯಂಥ ಸೋಂಕು ರಕ್ತದ ಮೂಲಕ ಹಬ್ಬುವಂಥದ್ದು. ಸಲೂನಿನಲ್ಲಿ ಕಣ್ಣೆದುರೇ ಹೊಸ ಬ್ಲೇಡು ಹಾಕಿಸಿಕೊಳ್ಳುವ ವಿಚಾರದಲ್ಲಿ ಸಂಕೋಚ ಬೇಡ.

ಸೇಫ್ಟಿ ರೇಜರಿಗೆ ಬದಲಾಗುವವರು ಗಮನಿಸಬೇಕಾದ್ದು

ಕಾರ್ಟ್ರಿಜ್ಜಿನ ತಲೆ ಮುಖದ ಏರಿಳಿತಕ್ಕೆ ತಾನೇ ಹೊರಳಿಕೊಳ್ಳುತ್ತದೆ. ಸೇಫ್ಟಿ ರೇಜರಿನಲ್ಲಿ ಆ ಕೆಲಸ ನಿಮ್ಮ ಕೈಯದ್ದು. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಬೇಕು, ಒತ್ತಲೇಬಾರದು, ಹಿಡಿಯ ತೂಕವೇ ಸಾಕು. ಕಾರ್ಟ್ರಿಜ್ ಬಳಸಿದ ಕೈ ಒತ್ತಿ ಎಳೆದು ಅಭ್ಯಾಸವಾಗಿರುವುದರಿಂದ ಆರಂಭದಲ್ಲಿ ಗದ್ದ, ಗಂಟಲ ಹತ್ತಿರ ಗೀರುಗಳಾಗುವುದು ಸಾಮಾನ್ಯ. ಆಫೀಸಿಗೆ ಓಡುವ ಸೋಮವಾರದ ಬೆಳಿಗ್ಗೆ ಕಲಿಯಲು ಹೊರಡುವುದಕ್ಕಿಂತ ಭಾನುವಾರ ಒಳ್ಳೆಯದು. ಬ್ಲೇಡುಗಳಲ್ಲೂ ಹೆಚ್ಚು ಹರಿತ, ಕಡಿಮೆ ಹರಿತ ಎಂದಿದೆ. ನೂರರ ಪೆಟ್ಟಿಗೆ ತರಿಸುವ ಮೊದಲು ಮೂರು ನಾಲ್ಕು ಕಂಪನಿಗಳ ಒಂದೊಂದು ಪೊಟ್ಟಣ ತಂದು ನೋಡಿ.

ಕೈ ನಡುಗುವ ಹಿರಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮುಖದ ತುಂಬ ಮೊಡವೆ ಇರುವವರು ಉಳಿತಾಯದ ಆಸೆಗೆ ಇದಕ್ಕೆ ಬೀಳದಿರುವುದು ಲೇಸು. ವಿಮಾನದಲ್ಲಿ ಹೋಗುವವರು ಬಿಡಿ ಬ್ಲೇಡನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂಬುದೂ ನೆನಪಿರಲಿ.

ಗುಲಾಬಿ ಬಣ್ಣದ ರೇಜರು

ಇದುವರೆಗಿನ ಲೆಕ್ಕವೆಲ್ಲ ಕಾಲು, ಕಂಕುಳಿನ ಕೂದಲು ತೆಗೆಯುವ ಹೆಂಗಸರಿಗೂ ಅನ್ವಯ. ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಇಲಾಖೆ 2015ರಲ್ಲಿ ಒಂದೇ ಬಗೆಯ ಸರಕಿನ ಗಂಡಸರ ಮಾದರಿ, ಹೆಂಗಸರ ಮಾದರಿಗಳ ದರಗಳನ್ನು ಹೋಲಿಸಿತ್ತು. ಸೋಪು, ರೇಜರಿನಂಥ ಮೈ ಕಾಳಜಿಯ ಸಾಮಾನುಗಳಲ್ಲಿ ಹೆಂಗಸರದ್ದು ಸರಾಸರಿ ಶೇ 13ರಷ್ಟು ದುಬಾರಿಯಾಗಿತ್ತು. ಹೆಂಗಸರ ರೇಜರಿನಲ್ಲಿ ಹಿಡಿಯ ಆಕಾರ, ತಲೆಯ ಅಗಲ ಬೇರೆ ಇರಬಹುದು, ಆದರೆ ಗಂಡಸರ ರೇಜರಿನಿಂದಲೂ ಅದೇ ಕೆಲಸ ಆಗುತ್ತದೆ. ಇಲ್ಲೂ ಬಿಡಿ ಬ್ಲೇಡಿನ ಬೆಲೆ ಹೋಲಿಸಿ ಕೊಳ್ಳುವುದೇ ಸರಿ.

ಹಳೆಯ ಬ್ಲೇಡು ಎಲ್ಲಿಗೆ?

ಡಬಲ್ ಎಡ್ಜ್ ಬ್ಲೇಡು ಪೂರ್ತಿ ಉಕ್ಕು, ಕರಗಿಸಿ ಮತ್ತೆ ಬಳಸಬಹುದು. ಕಾರ್ಟ್ರಿಜ್ಜಿನಲ್ಲಿ ಪ್ಲಾಸ್ಟಿಕ್, ರಬ್ಬರು, ಉಕ್ಕು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬೇರ್ಪಡಿಸುವುದು ಕಷ್ಟ. ಆದರೆ ಬರಿ ಬ್ಲೇಡನ್ನು ಹಾಗೇ ಕಸದ ಬುಟ್ಟಿಗೆ ಎಸೆದರೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳವಿರುವ ಹಳೆಯ ತಗಡಿನ ಡಬ್ಬಿಗೆ ಮೇಲೊಂದು ಸೀಳು ಮಾಡಿ ಬಚ್ಚಲಿನಲ್ಲಿಟ್ಟುಕೊಳ್ಳಿ. ವರ್ಷಕ್ಕೆ 40 ಬ್ಲೇಡೆಂದರೆ ಅದು ತುಂಬಲು ಬಹಳ ಕಾಲ ಹಿಡಿಯುತ್ತದೆ. ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಮೇಲೆ 'ಬ್ಲೇಡು' ಎಂದು ದಪ್ಪಕ್ಷರದಲ್ಲಿ ಬರೆದು, ಒಣಕಸದವರಿಗೋ ಗುಜರಿಯವರಿಗೋ ಒಳಗೇನಿದೆ ಎಂದು ಹೇಳಿ ಕೈಗೆ ಕೊಡಿ.